ನಿನ್ನ ವಯಸ್ಸಿಗೆ ನಾನು ಮನೆ ಕಟ್ಟಿದ್ದೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 36 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕೆಲಸ, ಬಾಡಿಗೆ ಮನೆ, ನಾಲ್ಕು ವರ್ಷದ ಮಗಳು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತೆ, ಆಮೇಲೆ ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಎರಡನೇ ಭೇಟಿಯಲ್ಲಿ ನಿಜ ಹೊರಬಂತು. ಪರ್ಸನಲ್ ಲೋನ್ ತೆಗೆದು ಫ್ಲ್ಯಾಟಿಗೆ ಎರಡು ಲಕ್ಷ ಮುಂಗಡ ಕೊಟ್ಟಿದ್ದರು. ಹೆಂಡತಿಗೆ ಹೇಳಿರಲಿಲ್ಲ. ಇನ್ನು 50 ಲಕ್ಷ ಗೃಹಸಾಲ ಆಗಬೇಕು. ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 43,400 ಕಂತು. ಕೈಗೆ ಬರುವ ಸಂಬಳದ ಅರ್ಧಕ್ಕಿಂತ ಜಾಸ್ತಿ.

"ಇಷ್ಟು ಅವಸರ ಯಾಕೆ?" ಅಂದೆ.

"ಭಾನುವಾರ ಭಾನುವಾರ ಅಪ್ಪ ಫೋನ್ ಮಾಡ್ತಾರೆ ಮೇಡಂ. ನಿನ್ನ ವಯಸ್ಸಿಗೆ ನಾನು ಮನೆ ಕಟ್ಟಿದ್ದೆ ಅಂತಾರೆ. ಈ ಸಲ ಯುಗಾದಿಗೂ ಊರಿಗೆ ಹೋಗಲಿಲ್ಲ."

ತಂದೆಯನ್ನೂ ಕರೆತರಲು ಹೇಳಿದೆ. ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಬಟ್ಟೆ ಚೀಲದಲ್ಲಿ ಹಳೇ ನೋಟ್‌ಬುಕ್ ಹಿಡಿದೇ ಬಂದರು. ಮಗನಿಗೆ ತೋರಿಸಬೇಕಂತೆ. ಮನೆ ಕಟ್ಟಿದ ಲೆಕ್ಕ ಅದು. ಎಷ್ಟು ಮೂಟೆ ಸಿಮೆಂಟ್, ಗಾರೆಯವರಿಗೆ ಯಾವತ್ತು ಎಷ್ಟು ಕೂಲಿ, ಎಲ್ಲ ನೀಲಿ ಇಂಕಿನಲ್ಲಿ. ಒಂದು ಪುಟದ ಅಂಚಿನಲ್ಲಿ ಸಣ್ಣಗೆ "ಸರ ಅಡವು" ಅಂತ ಬರೆದಿತ್ತು.

"ಅಮ್ಮನದಾ?" ಮಗ ಕೇಳಿದರು. ಮೇಷ್ಟ್ರು ತಲೆಯಾಡಿಸಿದರು. "ಬಿಡಿಸಿಕೊಳ್ಳೋಕೆ ಆರು ವರ್ಷ ಹಿಡೀತು ಕಣಪ್ಪ. ನಿಮಗ್ಯಾರಿಗೂ ಹೇಳಲಿಲ್ಲ."

ಸ್ವಲ್ಪ ಹೊತ್ತು ನಾನೂ ಮಾತಾಡಲಿಲ್ಲ. ಆಮೇಲೆ ತಾತನ ವಿಷಯ ಕೇಳಿದೆ. ಅವರು ಗೇಣಿಗೆ ಉಳುತ್ತಿದ್ದವರು. ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ಕಾನೂನು ಬಂದ ಮೇಲೆ, ಉಳುವ ಹೊಲ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ 7 ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯಲ್ಲಿ ಎರಡು ಎಕರೆ ಅವರ ಹೆಸರಿಗಾಯಿತು. ಆ ಹೊಲದ ರಾಗಿ ಉಂಡೇ ಮೇಷ್ಟ್ರು ಟಿಸಿಎಚ್ (ಶಿಕ್ಷಕರ ತರಬೇತಿ) ಓದಿದ್ದು. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತು. 2006ರ ಏಪ್ರಿಲ್‌ಗೆ ಮೊದಲೇ ಸೇರಿದ್ದರಿಂದ ಹಳೇ ಪಿಂಚಣಿ. ಈಗಲೂ ತುಟ್ಟಿಭತ್ಯೆ ಸೇರಿ ತಿಂಗಳು ತಿಂಗಳು ಬರುತ್ತದೆ.

ಮಗನಿಗೆ ಏನಿದೆ? ಪಿಎಫ್ ಜೊತೆಗಿನ ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ 2014ರಲ್ಲಿ 15,000 ಆಯಿತು. ಆ ಲೆಕ್ಕದಲ್ಲಿ 35 ವರ್ಷ ದುಡಿದರೂ ತಿಂಗಳಿಗೆ ಎಂಟು ಸಾವಿರ ದಾಟುವುದಿಲ್ಲ. ಮೇಷ್ಟ್ರು ಇದನ್ನು ಕೈಯಾರೆ ಕೂಡಿ, ಭಾಗಿಸಿ ನೋಡಿದರು. ಇನ್ನೊಂದು ಸಲವೂ ಮಾಡಿದರು. "ಇಷ್ಟೇನಾ?" ಅಂದರು.

ಅವರಿಗೆ ನಾನು ಹೇಳಿದ್ದು ಇಷ್ಟು: "ನೀವು ಕಷ್ಟಪಟ್ಟಿದ್ದು ನಿಜ ಸಾರ್. ನಿಮ್ಮ ಮಗನೂ ಪಡುತ್ತಿದ್ದಾರೆ. ಆದರೆ ನಿಮ್ಮ ತಂದೆಗೆ ಕಾನೂನು ಆಸರೆಯಾಯಿತು, ನಿಮಗೆ ನೌಕರಿ ಆಸರೆಯಾಯಿತು. ಇವರ ಕಾಲದಲ್ಲಿ ಅದು ಸಡಿಲವಾಗಿದೆ. ಭಾನುವಾರ ಮನೆ ಕಟ್ಟೋ ವಿಷಯ ಬೇಡ. ಮೊಮ್ಮಗಳ ವಿಷಯ ಮಾತಾಡಿ."

ಮಗನಿಗೆ ಹೇಳಿದ್ದು ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಇವತ್ತೇ ಹೆಂಡತಿಗೆ ಎಲ್ಲ ಹೇಳಿ. ಬೈದರೆ ಬೈಸಿಕೊಳ್ಳಿ. ಮುಂಗಡ ವಾಪಸ್ ಕೇಳಿ, ಬಂದ ದುಡ್ಡಲ್ಲಿ ಮೊದಲು ಪರ್ಸನಲ್ ಲೋನ್ ತೀರಿಸಿ. ಆರು ತಿಂಗಳ ಮನೆಖರ್ಚು ಕೈಯಲ್ಲಿ ಉಳಿಯುವ ತನಕ ಗೃಹಸಾಲದ ಕಾಗದಕ್ಕೆ ಸಹಿ ಬೇಡ. ಬಾಡಿಗೆ ಮನೆಯಲ್ಲಿರುವುದು ಅವಮಾನವಲ್ಲ. ನಿಮಗೆ ಬೇಕಾಗಿರುವುದು ಮನೆಯಾ, ಅಪ್ಪನ ಶಹಬ್ಬಾಸಾ ಅಂತ ಒಂದು ಸಲ ಸುಮ್ನೆ ಕೂತು ಯೋಚಿಸಿ.

ಫ್ಲ್ಯಾಟಿನವರು ಮುಂಗಡದಲ್ಲಿ ಒಂದಷ್ಟು ಮುರಿದುಕೊಂಡು ಉಳಿದದ್ದು ವಾಪಸ್ ಕೊಟ್ಟರು. ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಈಗ ತಿಂಗಳ ಮೊದಲ ಭಾನುವಾರ ಇಬ್ಬರೂ ಕೂತು ಖರ್ಚು ಬರೆಯುತ್ತಾರೆ. ಬರೆಯುವುದು ಮೇಷ್ಟ್ರ ನೋಟ್‌ಬುಕ್ಕಿನಲ್ಲೇ. ಹಿಂದೆ ಖಾಲಿ ಹಾಳೆ ಬೇಕಾದಷ್ಟಿವೆ ಅಂತ ಅವರೇ ಬಿಟ್ಟುಹೋದರಂತೆ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ. ಮುಂದಿನ ತಿಂಗಳು ಮತ್ತೆ ಬರಲು ಹೇಳಿದ್ದೇನೆ.