ನವೆಗೆ ಬರೆದ ಹೈಡ್ರಾಕ್ಸಿಜಿನ್ ಮಾತ್ರೆಯನ್ನು ನಿದ್ದೆಗೂ ಕೊಡಬಹುದೇ?

ಪಾಂಡವಪುರದ ಬಳಿ ಬೇಸಾಯ ಮಾಡುವ ನಿಮ್ಮ ತಂದೆಯವರಿಗೆ ಕಾಂಗ್ರೆಸ್ ಗಿಡದ ಅಲರ್ಜಿಯಿಂದಾದ ನವೆಗೆ ರಾತ್ರಿ 25 ಮಿಲಿಗ್ರಾಂ ಹೈಡ್ರಾಕ್ಸಿಜಿನ್ ಬರೆದಿದ್ದಾರೆ, ಬೆಳಿಗ್ಗೆಯೂ ಮಂಪರು ಇಳಿಯುತ್ತಿಲ್ಲ, ನಿದ್ದೆ ಬಾರದ ತಾಯಿಯವರಿಗೂ ಅದನ್ನೇ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಮೈಸೂರಿನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ, ವೈದ್ಯನಲ್ಲ. ಆದರೂ ತಾಯಿಯವರಿಗೆ ಕೊಡಬೇಡಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಚರ್ಮದಲ್ಲಿ ನವೆ, ಗಂಧೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕವೇ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಕೆಲಸವನ್ನೂ ಮಾಡುತ್ತದೆ. ಹೈಡ್ರಾಕ್ಸಿಜಿನ್, ಅವಿಲ್‌ನಂಥ ಹಳೆಯ ಔಷಧಿಗಳು ರಕ್ತದಿಂದ ಮಿದುಳಿಗೆ ಸುಲಭವಾಗಿ ನುಗ್ಗಿ ಅಲ್ಲಿಯೂ ಅದನ್ನು ತಡೆಯುವುದರಿಂದ ಜೋಂಪು ಹತ್ತುತ್ತದೆ. ಫೆಕ್ಸೊಫೆನಡಿನ್‌ನಂಥ ಹೊಸವು ಅಷ್ಟಾಗಿ ಒಳಹೋಗುವುದಿಲ್ಲ. ಹಾಗೆಂದು ನಿಮ್ಮ ವೈದ್ಯರು ಹಳೆಯದನ್ನು ಬರೆದದ್ದು ತಪ್ಪಲ್ಲ. ಕಾಂಗ್ರೆಸ್ ಗಿಡ ತಾಗಿ ಬರುವ ಚರ್ಮದ ಉರಿಯೂತದಲ್ಲಿ ಹಿಸ್ಟಮಿನ್‌ನ ಪಾಲು ಕಡಿಮೆ. ಅಲ್ಲಿ ಈ ಮಾತ್ರೆಯ ಮುಖ್ಯ ಉಪಕಾರವೆಂದರೆ ರೋಗಿ ರಾತ್ರಿಯಿಡೀ ಕೆರೆದುಕೊಂಡು ಗಾಯ ಮಾಡಿಕೊಳ್ಳದೆ ಮಲಗುವುದು. ಗಿಡದ ಸಂಪರ್ಕ ತಪ್ಪದೆ, ಹಚ್ಚುವ ಮುಲಾಮು ಇಲ್ಲದೆ ಮಾತ್ರೆಯೊಂದೇ ರೋಗವನ್ನು ವಾಸಿಮಾಡಲಾರದು.

ಬೆಳಗಿನ ಮಂಪರಿಗೂ ಕಾರಣ ಸರಳವಾಗಿದೆ. ನುಂಗಿದ ಔಷಧಿಯ ಅರ್ಧ ಭಾಗ ದೇಹದಿಂದ ಕರಗಲು ವಯಸ್ಕರಲ್ಲಿ ಸುಮಾರು 20 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಹೀಗಾಗಿ ನಿನ್ನೆಯದು ಉಳಿದಿರುವಾಗಲೇ ಇಂದಿನದು ಬಂದು ಸೇರುತ್ತದೆ. ಈ ಸ್ಥಿತಿಯಲ್ಲಿ ಅವರು ಮೊಪೆಡ್ ಓಡಿಸಬಾರದು, ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವ ಕೆಲಸವನ್ನಂತೂ ಮುಟ್ಟಲೇಬಾರದು, ಮದ್ಯದ ಅಭ್ಯಾಸವಿದ್ದರೆ ಬಿಡಬೇಕು. ಪ್ರಮಾಣ ಇಳಿಸಬಹುದೇ ಎಂದು ವೈದ್ಯರನ್ನೇ ಕೇಳಿ.

ತಾಯಿಯವರ ವಿಷಯದಲ್ಲಿ ನನ್ನ ಆತಂಕ ಬೇರೆ. ನಿದ್ದೆ ತರುವ ಗುಣ ಕೆಲವೇ ದಿನಗಳಲ್ಲಿ ಮಾಸುತ್ತದೆ, ಜನ ಎರಡು ಮಾತ್ರೆಗೆ ಹೋಗುತ್ತಾರೆ. ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ವಯಸ್ಸಾದವರಲ್ಲಿ ಗೊಂದಲ, ರಾತ್ರಿ ಎದ್ದಾಗ ತೂರಾಡಿ ಬೀಳುವುದು ಇವೆಲ್ಲ ಉಳಿಯುತ್ತವೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯ ಕೆಲವು ಬಗೆಗಳಿದ್ದವರಿಗೆ ಕಣ್ಣಿನ ಒತ್ತಡ ಏರಬಹುದು. ಹೃದಯದ ಲಯದ ತೊಂದರೆಯುಳ್ಳವರಿಗೂ ಈ ಔಷಧಿ ಅಪಾಯಕಾರಿ.

ನಮ್ಮ ಅಂಗಡಿಗೂ ಮಾತ್ರೆಯ ಹೆಸರು, ಅವಧಿ ಮುಗಿಯುವ ದಿನಾಂಕ ಎರಡೂ ಕತ್ತರಿಗೆ ಹೋದ ಸ್ಟ್ರಿಪ್‌ನ ತುಂಡನ್ನು ತಂದು ‘ಇದೇ ನಿದ್ದೆ ಮಾತ್ರೆ ಕೊಡಿ’ ಎನ್ನುವವರಿದ್ದಾರೆ. ತಾಯಿಯವರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಅವರು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪೂರ್ತಿ ಸ್ಟ್ರಿಪ್‌ಗಳನ್ನೇ ಜೊತೆಗೆ ಒಯ್ಯಿರಿ.