ಲೂಪಸ್ ಇರುವ ಮಗಳಿಗೆ ಎಚ್‌ಪಿವಿ ಲಸಿಕೆ ಯಾವಾಗ?

ಮುಂಬಯಿ ಬಳಿಯ ಡೊಂಬಿವಲಿಯಿಂದ ಒಬ್ಬ ತಾಯಿ ಬರೆದಿದ್ದಾರೆ, ಮಗಳಿಗೆ ಎಚ್‌ಪಿವಿ ಲಸಿಕೆ ಯಾವಾಗ ಹಾಕಿಸಲಿ ಎಂದು. ಎಚ್‌ಪಿವಿ ಎಂದರೆ ಲೈಂಗಿಕ ಸಂಪರ್ಕದಿಂದ ಹರಡಿ ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್. ಮಗಳಿಗೆ ಹದಿನಾಲ್ಕು ದಾಟಿದೆ, ಇನ್ನು ನಾಲ್ಕು ತಿಂಗಳಿಗೆ ಹದಿನೈದು. ಕಳೆದ ವರ್ಷ ಲೂಪಸ್, ಅಂದರೆ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ, ಪತ್ತೆಯಾಯಿತು, ಕಿಡ್ನಿಗೂ ತಾಗಿದೆ. ಈಗ ಹೈಡ್ರಾಕ್ಸಿಕ್ಲೋರೊಕ್ವಿನ್, ನಿರೋಧಕ ಶಕ್ತಿ ತಗ್ಗಿಸುವ ಮೈಕೊಫೆನೊಲೇಟ್ ಜೊತೆಗೆ ದಿನಕ್ಕೆ 30 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಸ್ಟೀರಾಯ್ಡನ್ನು ಎರಡು ವಾರಕ್ಕೊಮ್ಮೆ 5 ಮಿಲಿಗ್ರಾಂನಂತೆ ಇಳಿಸುತ್ತೇವೆ, ಅಷ್ಟರಲ್ಲಿ ರೋಗ ಹತೋಟಿಗೆ ಬರದಿದ್ದರೆ ಮೂರು ತಿಂಗಳ ಬಳಿಕ ರಿಟುಕ್ಸಿಮ್ಯಾಬ್ ಎಂಬ ಮದ್ದು ಕೊಡಬೇಕಾದೀತು ಎಂದು ತಜ್ಞರು ಹೇಳಿದ್ದಾರಂತೆ. ಮನೆ ಹತ್ತಿರದ ಡಾಕ್ಟರು, "ಇಂಥ ಮಕ್ಕಳಿಗೆ ಲಸಿಕೆ ಬೇಡ, ಪೂರ್ತಿ ಗುಣವಾಗಲಿ" ಅನ್ನುತ್ತಾರೆ. ಅತ್ತೆಯವರದು, ಮದುವೆ ಹತ್ತಿರ ಬಂದಾಗ ನೋಡೋಣ ಎಂಬ ಮಾತು. ಪಕ್ಕದ ಮನೆಯವರ ಪ್ರಕಾರ ಒಂದೇ ಡೋಸ್ ಸಾಕು, ಆದರೆ ಹದಿನೈದರ ಒಳಗೇ ಆಗಬೇಕು. ಹನ್ನೊಂದರ ತಮ್ಮನಿಗೂ ಬೇಕೇ ಎಂದು ಕೊನೆಯಲ್ಲಿ ಕೇಳಿದ್ದಾರೆ.

ಮೊದಲು "ಗುಣವಾಗಲಿ" ಎಂಬ ಮಾತು. ಲೂಪಸ್ ಹತೋಟಿಗೆ ಬರುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಪೂರ್ತಿ ಗುಣವಾಗುವ ದಿನಕ್ಕೆ ಕಾಯುತ್ತ ಕೂತರೆ ಲಸಿಕೆಯ ದಿನ ಬರುವುದೇ ಇಲ್ಲ. ಸ್ಟೀರಾಯ್ಡ್ ತಿನ್ನುವ ಮಗುವಿಗೆ ಲಸಿಕೆ ಬೇಡ ಎಂಬ ನಿಯಮ ಹುಟ್ಟಿದ್ದು ಜೀವಂತ ವೈರಸ್ ಇರುವ ಲಸಿಕೆಗಳಿಗಾಗಿ, ಅಂದರೆ ದಡಾರ-ಮಂಗಬಾವಿನ ಎಂಎಂಆರ್, ಸೀತಾಳೆ ಸಿಡುಬಿನದು, ಇಂಥವು. ಎಚ್‌ಪಿವಿ ಲಸಿಕೆಯಲ್ಲಿ ವೈರಸ್ಸೇ ಇಲ್ಲ. ವೈರಸ್ಸಿನ ಹೊರಗವಚದ ಎಲ್1 ಎಂಬ ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿ ಟೊಳ್ಳು ಕಣಗಳಾಗಿ ಕಟ್ಟುತ್ತಾರೆ. ಒಳಗೆ ಡಿಎನ್‌ಎ ಇಲ್ಲದ ಮೇಲೆ ಎಷ್ಟೇ ಕುಗ್ಗಿದ ದೇಹದಲ್ಲೂ ಸೋಂಕು ಹುಟ್ಟುವ ಪ್ರಶ್ನೆಯಿಲ್ಲ. ಈ ಮಗುವಿನ ವಿಷಯದಲ್ಲಿ ಅಪಾಯಕ್ಕಿಂತ ಲಸಿಕೆ ಸರಿಯಾಗಿ ಹತ್ತದೇ ಹೋಗುವುದರ ಚಿಂತೆಯೇ ಹೆಚ್ಚು. ಯೀಸ್ಟಿಗೆ ಅಥವಾ ಲಸಿಕೆಯ ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಕೊಡಬಾರದು. ವಡಾಪಾವ್ ತಿಂದು ಬೆಳೆದ ಮಗುವಿನಲ್ಲಿ ಯೀಸ್ಟ್ ಅಲರ್ಜಿ ಅಪರೂಪ.

ಮದುವೆಯವರೆಗೆ ಕಾಯುವುದಂತೂ ತಿರುಗುಮುರುಗು ಲೆಕ್ಕ. ಈ ಲಸಿಕೆ ಬರುವ ಸೋಂಕನ್ನು ತಡೆಯುತ್ತದೆ, ಬಂದದ್ದನ್ನು ತೆಗೆಯುವುದಿಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು ನೂರಕ್ಕೆ ಎಪ್ಪತ್ತಕ್ಕೆ ಕಾರಣವಾಗುವ ಎಚ್‌ಪಿವಿಯ 16 ಮತ್ತು 18ನೇ ತಳಿಗಳು ಮೈಸೇರುವ ಮೊದಲೇ ಕೊಟ್ಟಾಗ ಅದರ ಫಲ ಹೆಚ್ಚು. ಸ್ವೀಡನ್ನಿನಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 17ರ ಒಳಗೆ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ 88 ಶೇಕಡ ಕಡಿಮೆಯಿತ್ತು. ಲೂಪಸ್ ಇರುವ ಹೆಂಗಸರಲ್ಲಿ ಎಚ್‌ಪಿವಿ ಸೋಂಕೂ ಅದರಿಂದಾಗುವ ಕ್ಯಾನ್ಸರ್‌ಪೂರ್ವ ಬದಲಾವಣೆಗಳೂ ಉಳಿದವರಿಗಿಂತ ಹೆಚ್ಚು. ಹಾಗಾಗಿ ಈ ಮಗಳಿಗೆ ಲಸಿಕೆಯ ಅಗತ್ಯ ಬೇರೆ ಮಕ್ಕಳಿಗಿಂತ ಒಂದು ತೂಕ ಹೆಚ್ಚೇ.

ಒಂದು ಡೋಸಿನ ಮಾತು ಸುಳ್ಳಲ್ಲ. ಅದರ ಹಿಂದೆ ನಮ್ಮ ಕಡೆಯದೇ ಕಥೆಯಿದೆ. 2009ರಲ್ಲಿ ಮುಂಬಯಿ, ಪುಣೆ, ಬಾರ್ಶಿ ಸೇರಿ ದೇಶದ ಹಲವೆಡೆ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ನೋಡುವ ಪ್ರಯೋಗ ಶುರುವಾಯಿತು. 2010ರ ಏಪ್ರಿಲಿನಲ್ಲಿ ಬೇರೊಂದು ಲಸಿಕಾ ಯೋಜನೆಯ ಗದ್ದಲದಿಂದ ಸರ್ಕಾರ ಎಲ್ಲವನ್ನೂ ನಿಲ್ಲಿಸಿದಾಗ ಸಾವಿರಾರು ಹುಡುಗಿಯರು ಒಂದೇ ಡೋಸಿಗೆ ನಿಂತರು. ಹತ್ತು ವರ್ಷ ಅವರನ್ನು ಹಿಂಬಾಲಿಸಿ ನೋಡಿದರೆ 16 ಮತ್ತು 18ರ ಬೇರೂರಿದ ಸೋಂಕಿನ ವಿರುದ್ಧ ಆ ಒಂದು ಡೋಸೇ ಮೂರಕ್ಕೆ ಸಾಟಿಯಾಗಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20ರ ವಯಸ್ಸಿನವರಿಗೆ ಒಂದು ಡೋಸಿನ ದಾರಿಯನ್ನು ಒಪ್ಪಿದ್ದರಲ್ಲಿ ಇದರ ಪಾಲೂ ಇದೆ. ಆದರೆ ಅವರೆಲ್ಲ ಆರೋಗ್ಯವಂತ ಹುಡುಗಿಯರು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದೇ ಸಂಸ್ಥೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಎನ್ನುತ್ತದೆ. ಆದ್ದರಿಂದ ಶಾಲೆಯಲ್ಲೋ ಶಿಬಿರದಲ್ಲೋ ಒಂದು ಡೋಸ್ ಕೊಟ್ಟು "ಆಯಿತು" ಎಂದು ಚೀಟಿ ಬರೆದರೆ ಅದನ್ನು ಮೊದಲನೆಯದೆಂದು ಎಣಿಸಿ, ಉಳಿದೆರಡನ್ನು ಮುಂದುವರಿಸಿ.

ಹದಿನೈದರ ಗಡುವೂ ನಿಮಗೆ ಅನ್ವಯಿಸದು. ಸಾಮಾನ್ಯ ಮಕ್ಕಳಿಗೆ 9ರಿಂದ 14ರವರೆಗೆ ಆರು ತಿಂಗಳ ಅಂತರದಲ್ಲಿ ಎರಡು, ಹದಿನೈದಾದ ಮೇಲೆ ಮೂರು ಎಂಬುದು ಇಲ್ಲಿನ ಖಾಸಗಿ ಆಸ್ಪತ್ರೆಗಳ ರೂಢಿ. ನಿಮ್ಮ ಮಗಳಿಗೆ ವಯಸ್ಸು ಎಷ್ಟೇ ಇರಲಿ ಮೂರೇ. ಹುಟ್ಟುಹಬ್ಬದ ಒಳಗೆ ಎಂದು ಓಡಿದರೂ ಒಂದು ಡೋಸೂ ಕಡಿಮೆಯಾಗದು.

ಬೇರೆ ಓದುಗರಿಗಾಗಿ ಒಂದು ಮಾತು: ಎಲ್ಲ ದೀರ್ಘ ಕಾಯಿಲೆಗೂ ಮೂರು ಡೋಸ್ ಬೇಡ. ಆಸ್ತಮಾ, ಮಧುಮೇಹ, ಹೃದಯದ ತೊಂದರೆ, ಸಿಕಲ್ ಸೆಲ್ ಇರುವ ಹದಿನೈದರ ಒಳಗಿನ ಮಕ್ಕಳಿಗೆ ಎರಡೇ. ಲೂಪಸ್, ಎಚ್‌ಐವಿ, ಕ್ಯಾನ್ಸರ್, ಅಂಗ ಕಸಿ, ನಿರೋಧಕ ಶಕ್ತಿ ತಗ್ಗಿಸುವ ಮದ್ದು ಇದ್ದರೆ ಮೂರು.

ಈಗ ಯಾವಾಗ ಎಂಬ ಪ್ರಶ್ನೆ. ಇಲ್ಲಿ ನೋಡಬೇಕಾದದ್ದು ಮದ್ದಿನ ಕ್ಯಾಲೆಂಡರ್. ಅಮೆರಿಕದ ಸಂಧಿವಾತ ತಜ್ಞರ ಸಂಘದ 2022ರ ಮಾರ್ಗಸೂಚಿಯಂತೆ, ಪ್ರೆಡ್ನಿಸೊಲೋನ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಫ್ಲೂ ಲಸಿಕೆ ಬಿಟ್ಟು ಉಳಿದ ನಿರ್ಜೀವ ಲಸಿಕೆಗಳನ್ನು 20ರ ಕೆಳಗಿಳಿಯುವ ತನಕ ತಡೆಯುವುದು ಲೇಸು. ನೀವು ಹೇಳಿದ ಲೆಕ್ಕದಲ್ಲಿ 30, 25, 20 ದಾಟಿ 15ಕ್ಕೆ ಬರಲು ಆರು ವಾರ. ಆಗ ಮೊದಲ ಡೋಸ್. ಎರಡನೆಯದು ಅದಾಗಿ ಒಂದು ಅಥವಾ ಎರಡು ತಿಂಗಳಿಗೆ, ಅತಿ ಕಡಿಮೆಯೆಂದರೆ ನಾಲ್ಕು ವಾರಕ್ಕೆ. ಮೂರನೆಯದು ಮೊದಲ ಡೋಸಿನಿಂದ ಆರು ತಿಂಗಳಿಗೆ.

ರಿಟುಕ್ಸಿಮ್ಯಾಬ್ ಈ ಲೆಕ್ಕವನ್ನು ಬಿಗಿ ಮಾಡುತ್ತದೆ. ಅದು ಪ್ರತಿಕಾಯ ತಯಾರಿಸುವ ಕೋಶಗಳ ಮೂಲವಾದ ಬಿ ಕೋಶಗಳನ್ನೇ ತಿಂಗಳುಗಟ್ಟಲೆ ಅಳಿಸಿಬಿಡುತ್ತದೆ. ಆ ಮದ್ದು ಕೊಟ್ಟ ಹೊಸತರಲ್ಲಿ ಚುಚ್ಚಿದ ಲಸಿಕೆ ಬೀಜವಿಲ್ಲದ ಹೊಲಕ್ಕೆ ನೀರು ಹಾಯಿಸಿದಂತೆ. ಆದ್ದರಿಂದ ಆರನೇ ವಾರ ಮೊದಲ ಡೋಸ್, ಹತ್ತನೇ ವಾರ ಎರಡನೆಯದು, ಎರಡು ವಾರ ಬಿಟ್ಟು ಹನ್ನೆರಡನೇ ವಾರ ರಿಟುಕ್ಸಿಮ್ಯಾಬ್, ಹೀಗೆ ಹೊಂದಿಸಬಹುದೇ ಎಂದು ತಜ್ಞರನ್ನು ಈಗಲೇ ಕೇಳಿ. ಮೂರನೆಯದನ್ನು ಆರು ತಿಂಗಳಿಗೇ ಹಟ ಹಿಡಿದು ಕೊಡಿಸಬೇಡಿ. ಎರಡನೆಯ ಡೋಸಿನಿಂದ 12 ವಾರ, ಮೊದಲ ಡೋಸಿನಿಂದ 5 ತಿಂಗಳು ಕಳೆದಿದ್ದರೆ ಸಾಕು. ತಡವಾದರೆ ನಷ್ಟವಿಲ್ಲ, ಮೊದಲಿನಿಂದ ಶುರು ಮಾಡಬೇಕಾಗಿಯೂ ಇಲ್ಲ. ಮುಂದಿನ ರಿಟುಕ್ಸಿಮ್ಯಾಬ್ ಸರದಿ ಬರುವ ಹೊತ್ತಿಗೆ ಕೊಟ್ಟು, ಆ ಮದ್ದನ್ನು ಎರಡು ವಾರ ಮುಂದೂಡುವುದು ಜಾಣತನ.

ಆದರೆ ಕಿಡ್ನಿ ಹದಗೆಡುತ್ತಿದ್ದು ರಿಟುಕ್ಸಿಮ್ಯಾಬ್ ನಾಳೆಯೇ ಬೇಕೆಂದರೆ ಲಸಿಕೆಗಾಗಿ ಅದನ್ನು ತಡೆಯಬಾರದು. ಎರಡು ವಾರ ಮುಂಚೆ ತಿಳಿದರೆ, ಸ್ಟೀರಾಯ್ಡ್ ಹೆಚ್ಚಿದ್ದರೂ ಒಂದು ಡೋಸ್ ಹಾಕಿಸಬಹುದೇ ಎಂದು ಕೇಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಫಲ ಸ್ವಲ್ಪ ಕಡಿಮೆಯಾದೀತು, ಆದರೆ ಕೆಡುಕಿಲ್ಲ. ತೀರ್ಮಾನ ಮಾತ್ರ ತಜ್ಞರದು. ಇನ್ನು ಲಸಿಕೆಗೆಂದು ಮೈಕೊಫೆನೊಲೇಟನ್ನಾಗಲಿ ಸ್ಟೀರಾಯ್ಡನ್ನಾಗಲಿ ನೀವಾಗಿಯೇ ನಿಲ್ಲಿಸಕೂಡದು. ತಿಂಗಳುಗಟ್ಟಲೆ ತಿಂದ ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಸಂಚಕಾರ.

ಯಾವ ಬ್ರ್ಯಾಂಡ್? ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವವ್ಯಾಕ್ 6, 11, 16, 18 ಈ ನಾಲ್ಕು ತಳಿಗಳಿಗೆ. ಬೆಲೆ ಡೋಸಿಗೆ ಸುಮಾರು 2,000 ರೂಪಾಯಿ. ಗಾರ್ಡಸಿಲ್ 9 ಒಂಬತ್ತು ತಳಿಗಳಿಗೆ, ಡೋಸಿಗೆ ಹತ್ತು ಸಾವಿರದ ಆಸುಪಾಸು. ಮೂರು ಡೋಸಿನ ಲೆಕ್ಕ ಹಾಕಿ, ಮೂರೂ ಒಂದೇ ಬ್ರ್ಯಾಂಡ್ ಆಗುವಂತೆ ನೋಡಿಕೊಳ್ಳಿ. ಮೂರು ಡೋಸ್ ಸರ್ವವ್ಯಾಕ್, ದುಡ್ಡು ಸಾಲದೆ ಒಂದಕ್ಕೇ ನಿಂತ ಗಾರ್ಡಸಿಲ್ 9ಕ್ಕಿಂತ ಎಷ್ಟೋ ಮೇಲು.

ಅಂಗಡಿಯಲ್ಲಿ ಕೊಂಡು ಲೋಕಲ್ ಟ್ರೇನಿನಲ್ಲಿ ಹೊತ್ತು ತರುವ ಬದಲು, ಲಸಿಕೆಯನ್ನು ತಾವೇ ಇಟ್ಟುಕೊಂಡಿರುವ ಆಸ್ಪತ್ರೆಗೆ ಹೋಗಿ. ಇದಕ್ಕೆ 2ರಿಂದ 8 ಡಿಗ್ರಿ ಬೇಕು. ಬಿಸಿಲಿಗಿಂತ ಬರ್ಫವೇ ಇಲ್ಲಿ ದೊಡ್ಡ ಶತ್ರು: ಹೆಪ್ಪುಗಟ್ಟಿದರೆ ಒಳಗಿನ ಅಲ್ಯೂಮಿನಿಯಂ ಲವಣ ಗಂಟುಗಟ್ಟಿ ಲಸಿಕೆ ಕೆಡುತ್ತದೆ. ತರಲೇಬೇಕಾದರೆ ಐಸ್ ಪ್ಯಾಕಿಗೆ ನೇರ ತಾಗದಂತೆ ದಪ್ಪ ಕಾಗದದಲ್ಲಿ ಸುತ್ತಿ.

ಡೋಸಿಗೆ ಹೋಗುವ ಮುನ್ನ ಮೂತ್ರದ ಪ್ರೋಟೀನ್ ಮತ್ತು ರಕ್ತದ ಎಣಿಕೆಯ ಇತ್ತೀಚಿನ ವರದಿ ಕೈಯಲ್ಲಿರಲಿ. ಲೂಪಸ್ ತನ್ನಷ್ಟಕ್ಕೆ ಕೆರಳುವ ರೋಗ. ಹಳೆಯ ಅಂಕಿ ಇಲ್ಲದಿದ್ದರೆ ನಂತರ ಏನಾದರೂ ಲಸಿಕೆಯ ತಲೆಗೇ ಕಟ್ಟುತ್ತಾರೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನರ್ಸಿಗೆ ಮೊದಲೇ ಹೇಳಿ. ಸಣ್ಣ ಸೂಜಿ ಬಳಸಿ, ತಿಕ್ಕದೆ ಎರಡು ನಿಮಿಷ ಒತ್ತಿ ಹಿಡಿಯಬೇಕು. ಸಣ್ಣ ನೆಗಡಿ ಅಡ್ಡಿಯಲ್ಲ, ಜ್ವರ ಜೋರಾಗಿದ್ದರೆ ಮುಂದೂಡಿ. ತಿಂಡಿ ತಿನ್ನಿಸಿ, ಕೂರಿಸಿಯೋ ಮಲಗಿಸಿಯೋ ಚುಚ್ಚಿಸಿ, 15 ನಿಮಿಷ ಅಲ್ಲೇ ಇರಿಸಿ. ಈ ವಯಸ್ಸಿನವರು ಚುಚ್ಚಿದ ತಕ್ಷಣ ತಲೆಸುತ್ತಿ ಬೀಳುವುದುಂಟು, ಬಿದ್ದಾಗ ಕೈಕಾಲು ಅದುರಿದರೆ ಫಿಟ್ಸ್ ಎಂದು ಗಾಬರಿಯಾಗುವುದೂ ಉಂಟು.

ತೋಳು ನೋವು, ಮೈ ಬಿಸಿ ಒಂದೆರಡು ದಿನ ಸಹಜ. ಪ್ಯಾರಾಸಿಟಮಾಲ್ ಸಾಕು. ಕಿಡ್ನಿಗೆ ತಾಗಿರುವುದರಿಂದ ಐಬುಪ್ರೊಫೆನ್ ಬೇಡ. ಜ್ವರ 101 ಡಿಗ್ರಿ ದಾಟಿದರೆ, ಎರಡು ದಿನದಾಚೆ ಮುಂದುವರಿದರೆ, ಮೂತ್ರ ಕಡಿಮೆಯಾದರೆ ಲಸಿಕೆಯದ್ದೇ ಜ್ವರವೆಂದು ಕೂರದೆ ಡಾಕ್ಟರಿಗೆ ಫೋನ್ ಮಾಡಿ. ಇಂಥ ಮಕ್ಕಳಲ್ಲಿ ನಿಜವಾದ ಸೋಂಕು ಕೈತಪ್ಪುವುದು ಈ ಹೊತ್ತಿನಲ್ಲೇ.

ತಮ್ಮನ ಪ್ರಶ್ನೆ ಸುಲಭ. ಹುಡುಗರಿಗೂ ಈ ಲಸಿಕೆಗೆ ಭಾರತದಲ್ಲಿ ಅನುಮತಿಯಿದೆ. ಆರೋಗ್ಯವಂತನಾದ ಅವನಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು. ದುಡ್ಡು ಒಟ್ಟಿಗೆ ಹೊಂದದಿದ್ದರೆ ಅಕ್ಕನ ಮೂರು ಮುಗಿಯಲಿ. ಹದಿನೈದರ ಗಡುವು ಅನ್ವಯಿಸುವುದು ಅವನಿಗೆ, ಅದಕ್ಕಿನ್ನೂ ಮೂರು ವರ್ಷಕ್ಕೂ ಮೇಲಿದೆ.