ಹೆಣ್ಣು ಗಿನಿಪಿಗ್‌ಗಳ ನಡುವೆ ಗಂಡನ್ನು ಬಿಡುವ ಮೊದಲು

ಅಕ್ಕಾ, ದಯವಿಟ್ಟು ಈಗಲೇ ಬಿಡಬೇಡಿ. ನಿಮ್ಮ ಮೂರೂ ಹೆಣ್ಣುಗಳಿಗೆ ವರ್ಷ ದಾಟಿದೆ, ಒಂದೂ ಮರಿ ಹಾಕಿಲ್ಲ, ಈಗ ತಂದಿರುವ ನಾಲ್ಕು ತಿಂಗಳ ಗಂಡು ಅವುಗಳಿಗೆ ಜೊತೆಯಾದರೆ ಸಾಕು, ಮರಿ ಬೇಡ ಎಂದು ನಮ್ಮ ಗಿನಿಪಿಗ್ ಸಾಕುವವರ ಗುಂಪಿನಲ್ಲಿ ಬರೆದಿದ್ದೀರಿ. ಹಾಗಿದ್ದರೆ ಮೊದಲು ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಬೇಕು.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಗಿನಿಪಿಗ್ ಮರಿಗಳು ಮೈತುಂಬಾ ಕೂದಲು, ತೆರೆದ ಕಣ್ಣು, ಮೂಡಿದ ಹಲ್ಲುಗಳೊಂದಿಗೆ ಹುಟ್ಟುತ್ತವೆ. ತಾಯಿಯ ಗಾತ್ರಕ್ಕೆ ಅವು ಬಹಳ ದೊಡ್ಡವು. ಅವು ಹೊರಬರಲು ತಾಯಿಯ ಸೊಂಟದ ಮುಂಭಾಗದ ಮೂಳೆಗಳ ಕೀಲು ಸುಮಾರು ಒಂದು ಅಂಗುಲ ತೆರೆದುಕೊಳ್ಳಬೇಕು. ಆರೇಳು ತಿಂಗಳೊಳಗೆ ಮೊದಲ ಹೆರಿಗೆ ಆಗದಿದ್ದರೆ ಆ ಕೀಲು ಬಿಗಿಯಾಗುತ್ತ ಬರುತ್ತದೆ. ಆಮೇಲೆ ಬಸಿರಾದರೆ ಮರಿ ಸಿಕ್ಕಿಕೊಂಡು ತಾಯಿಯೂ ಸಾಯುವ ಅಪಾಯ ದೊಡ್ಡದು. ನಿಮ್ಮ ಮೂರೂ ಈ ವಯಸ್ಸನ್ನು ದಾಟಿವೆ. ‘ಒಂದು ಸಲ ಮರಿ ಹಾಕಲಿ, ಹೆಣ್ಣಿಗೆ ಒಳ್ಳೆಯದು’ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ವೈದ್ಯರನ್ನು ಆರಿಸುವಾಗ ಮೊಲ, ಗಿನಿಪಿಗ್‌ಗಳಿಗೆ ಅರಿವಳಿಕೆ ಕೊಟ್ಟು ರೂಢಿ ಇದೆಯೇ ಎಂದು ನೇರವಾಗಿ ಕೇಳಿ. ನಾಯಿ, ಬೆಕ್ಕಿನಂತೆ ಹಿಂದಿನ ರಾತ್ರಿಯಿಂದ ಉಪವಾಸ ಹಾಕಲು ಹೇಳಿದರೆ ಇನ್ನೊಬ್ಬರನ್ನು ಹುಡುಕಿ. ಗಿನಿಪಿಗ್ ವಾಂತಿ ಮಾಡಲಾರದು, ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಚಲನೆಯೇ ನಿಂತೀತು. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಬಾಯಿಗೆ ಕೊಡುವುದೂ ಇವುಗಳಿಗೆ ಪ್ರಾಣಾಂತಿಕ. ಶಸ್ತ್ರಚಿಕಿತ್ಸೆ ಆದ ಮೇಲೂ ಪೂರ್ತಿ ಆರು ವಾರ ಗಂಡು ಬೇರೆಯೇ ಇರಲಿ, ಅಲ್ಲಿಯವರೆಗೂ ಅದರಿಂದ ಗರ್ಭ ನಿಲ್ಲಬಹುದು.

ಆ ಆರು ವಾರ ವ್ಯರ್ಥವಲ್ಲ. ಅಂಗಡಿಯಿಂದ ಬಂದ ಪ್ರಾಣಿಯನ್ನು ಹೇಗೂ ಎರಡು ಮೂರು ವಾರ ಬೇರೆ ಕೋಣೆಯಲ್ಲಿ ಇಡಬೇಕು. ನಮ್ಮ ಕರಾವಳಿಯ ಸೆಕೆ, ತೇವಕ್ಕೆ ಹುಳುಕಡ್ಡಿ ಬೇಗ ಹಬ್ಬುತ್ತದೆ. ಮೂಗಿನ ಮೇಲೆ, ಕಿವಿಯ ಬುಡದಲ್ಲಿ ಕೂದಲು ಉದುರಿ ಹೊಟ್ಟು ಏಳುತ್ತಿದೆಯೇ ನೋಡುತ್ತಿರಿ. ನಿಮಗೂ ಅಂಟುವಂಥದ್ದು, ಮುಟ್ಟಿದ ಮೇಲೆ ಕೈ ತೊಳೆಯಿರಿ. ನಂತರ ಎರಡು ಗೂಡುಗಳನ್ನು ನಡುವೆ ಸರಳು ಮಾತ್ರ ಇರುವಂತೆ ಪಕ್ಕಪಕ್ಕದಲ್ಲಿಟ್ಟು ಪರಸ್ಪರ ವಾಸನೆ ಪರಿಚಯವಾಗಲು ಬಿಡಿ.

ಸೇರಿಸುವ ದಿನ ಹೆಣ್ಣುಗಳ ಗೂಡಿನಲ್ಲಿ ಬಿಡಬೇಡಿ, ಅದು ಅವುಗಳ ಜಾಗ. ನಾಲ್ಕರಲ್ಲಿ ಯಾವುದೂ ಓಡಾಡಿರದ ಕೋಣೆಯ ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ನಾಲ್ಕೈದು ಕಡೆ ಹುಲ್ಲು ಗುಡ್ಡೆ ಹಾಕಿ, ಎರಡು ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆಗಳನ್ನು ಇಡಿ. ಒಂದೇ ಬಾಗಿಲಿದ್ದರೆ ಒಳಹೊಕ್ಕ ಹೆಣ್ಣು ಸಿಕ್ಕಿಬೀಳುತ್ತದೆ. ಬೆಳಿಗ್ಗೆ ತಂಪಿರುವಾಗಲೇ ಮಾಡಿ, ಮಧ್ಯಾಹ್ನದ ಸೆಕೆಯಲ್ಲಿ ಓಡಾಡಿಸಿದರೆ ಬಳಲಿ ಬೀಳುತ್ತವೆ.

ಗಂಡು ಗುರ್ರೆನ್ನುತ್ತ, ಸೊಂಟ ಅತ್ತಿತ್ತ ತೂಗುತ್ತ ಹೆಣ್ಣಿನ ಸುತ್ತ ನಿಧಾನವಾಗಿ ಸುತ್ತುತ್ತದೆ. ಬೇಡವೆಂದರೆ ಹೆಣ್ಣು ಹಿಂದಕ್ಕೆ ಒದೆಯುತ್ತದೆ, ಮುಖಕ್ಕೇ ಮೂತ್ರ ಚಿಮ್ಮಿಸುತ್ತದೆ. ಇದೆಲ್ಲ ಸಹಜ, ನಡುವೆ ಕೈ ಹಾಕಬೇಡಿ. ಕತ್ತಿನ ರೋಮ ನಿಗುರಿ, ಬಿಡದೆ ಹಲ್ಲು ಕಟಕಟಿಸಿ, ಎದುರುಬದುರು ಮುಖ ಮೇಲೆತ್ತಿ ನಿಂತರೆ ಮಾತ್ರ ದಪ್ಪ ಟವೆಲ್ ಅಡ್ಡ ಹಾಕಿ ಬೇರ್ಪಡಿಸಿ. ರಕ್ತ ಬಂದರೆ ಅಂದಿಗೆ ಅಷ್ಟೇ. ಜಗಳವಿಲ್ಲದೆ ಒಟ್ಟಿಗೆ ಮೇಯ್ದು ಮಲಗಿದರೆ, ಚೆನ್ನಾಗಿ ತೊಳೆದು ಒಣಗಿಸಿದ ಗೂಡಿಗೆ ನಾಲ್ಕನ್ನೂ ಸೇರಿಸಿ. ಹನ್ನೆರಡು ಚದರ ಅಡಿಗಿಂತ ಕಡಿಮೆ ನೆಲ ಸಾಲದು. ಇನ್ನೊಂದು ಗಂಡನ್ನು ಮಾತ್ರ ತರಬೇಡಿ; ಹೆಣ್ಣುಗಳಿರುವಲ್ಲಿ ಎರಡು ಗಂಡುಗಳು ಕಚ್ಚಾಡುತ್ತವೆ.

ಇನ್ನು ಕಳೆದ ಭಾನುವಾರ ಗಂಡು ತಪ್ಪಿಸಿಕೊಂಡು ಅರ್ಧ ಗಂಟೆ ಹೆಣ್ಣುಗಳ ಜೊತೆಗಿತ್ತು ಎಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ದಿನಾಂಕ ಬರೆದಿಡಿ. ಗರ್ಭಾವಧಿ 59ರಿಂದ 72 ದಿನ. ಪ್ರತಿ ವಾರ ಅಡುಗೆಮನೆಯ ತಕ್ಕಡಿಯಲ್ಲಿ ಮೂರನ್ನೂ ತೂಗಿ. ಒಂದರ ತೂಕ ಏರುತ್ತಲೇ ಹೋದರೆ ಹೊಟ್ಟೆ ಒತ್ತಿ ನೋಡಬೇಡಿ, ವೈದ್ಯರಿಂದ ಸ್ಕ್ಯಾನ್ ಮಾಡಿಸಿ. ಬಸಿರೆಂದು ಖಚಿತವಾದರೆ ವಿಟಮಿನ್ ಸಿ ಹೆಚ್ಚು ಬೇಕು. ದಿನವೂ ದೊಣ್ಣೆಮೆಣಸು, ಕೊತ್ತಂಬರಿ ಸೊಪ್ಪು, ಒಂದು ಚೂರು ಪೇರಳೆ ಕೊಡಿ. ರಾತ್ರಿಯೂ ಸಿಸೇರಿಯನ್ ಮಾಡಬಲ್ಲ ವೈದ್ಯರು ಯಾರೆಂದು ಈಗಲೇ ವಿಚಾರಿಸಿಡಿ. ಹೆಣ್ಣು ಹೆರಿಗೆಗೆ ಮುಕ್ಕಲು ಶುರುಮಾಡಿ ಇಪ್ಪತ್ತು ನಿಮಿಷವಾದರೂ ಮರಿ ಕಾಣದಿದ್ದರೆ ಗುಂಪಿನಲ್ಲಿ ಕೇಳುತ್ತ ಕೂರದೆ ಅಲ್ಲಿಗೇ ಹೊರಡಿ.